ಹಿಂದೆ ಜನ ಇದ್ದಾರೆ

ಬೆಳಗಿನ ಪಾಠ ಶುರುವಾಗುವುದಕ್ಕೆ ಬಹಳ ಮೊದಲೇ ಅಪ್ಪ ಶರ್ಟು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತುಬಿಡುತ್ತಿದ್ದ. ಬಲಗೈ ಹೇಳಿದ ಮಾತು ಕೇಳುತ್ತಿರಲಿಲ್ಲವಾದ್ದರಿಂದ ಗುಂಡಿಗಳನ್ನು ಅಮ್ಮನೇ ಹಾಕಬೇಕಿತ್ತು.

"ಮನೇಲಿ ಕೂರೋಕೆ ಇಷ್ಟೊಂದು ಸಿಂಗಾರ ಯಾಕ್ರೀ? ಪರದೆ ಮೇಲಿರೋ ಮೇಡಮ್ಮಿಗೆ ನೀವೇನು ಕಾಣಿಸ್ತೀರಾ?" ಎಂದು ಅಮ್ಮ ದಿನವೂ ರೇಗಿಸುತ್ತಿದ್ದಳು. ಅಪ್ಪ ಉತ್ತರ ಕೊಡುತ್ತಿರಲಿಲ್ಲ. ಕೊಡುವ ಹಾಗೂ ಇರಲಿಲ್ಲ. ಬಚ್ಚಲಲ್ಲಿ ಕುಸಿದುಬಿದ್ದು ಆಸ್ಪತ್ರೆ ಸೇರಿದ ದಿನದಿಂದ ಅವನ ಮಾತು ಹೋಗಿತ್ತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಬಾಯಿಗೆ ಮಾತ್ರ ಏನೂ ಬರುತ್ತಿರಲಿಲ್ಲ.

ಆರೋಗ್ಯವಾಗಿದ್ದಾಗ ಅವನು ಬಸ್ಸಿನ ಕಂಡಕ್ಟರ್. ಎರಡು ಬಸ್ಸಿಗಾಗುವಷ್ಟು ಗಂಟಲು. ಮನೆಯಲ್ಲಿ ಉಪ್ಪು ಕೇಳಿದರೂ ಪಕ್ಕದ ಮನೆಯವರು ತಂದುಕೊಡಬೇಕು, ಹಾಗೆ. ಅಂಥವನು ಈಗ ಮಗಳು ಮುಂದೆ ಕೂತು "ಅಪ್ಪಾ, ನೀರು ಅನ್ನು, ನೀ...ರು" ಎಂದರೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸುತ್ತಿದ್ದ. ತಾನೇ ಬೆರಳು ಹಿಡಿದು ಅಕ್ಷರ ತಿದ್ದಿಸಿದ ಹುಡುಗಿ ತನಗೆ ಮಾತು ಕಲಿಸುವುದು ಅವನಿಗೆ ಸಹಿಸಲಾಗುತ್ತಿರಲಿಲ್ಲ. ಅಮ್ಮನ ಎದುರಿಗಂತೂ ತುಟಿಯನ್ನೇ ಬಿಚ್ಚುತ್ತಿರಲಿಲ್ಲ.

ಬೆಳಗಿನ ಪಾಠದಲ್ಲಿ ಮಾತ್ರ ಬೇರೆ. ಮಾತು ಕಲಿಸುವ ಮೇಡಂ ಆಸ್ಪತ್ರೆಯ ಒಂದು ಚಿಕ್ಕ ಕೋಣೆಯಲ್ಲಿ, ಕ್ಯಾಮೆರಾಗೆ ತುಟಿ ಹತ್ತಿರವಾಗುವಂತೆ ಕೂರುತ್ತಿದ್ದರು. ಮೇಜಿನ ಮೇಲೆ ಬೆರಳಿನಿಂದ ತಾಳ ಕುಟ್ಟುತ್ತ ಒಂದೊಂದೇ ಮಾತನ್ನು ಎಳೆದೆಳೆದು ಹೇಳುವರು. ಅಪ್ಪನ ಹಾಗೆ ಮಾತು ಕಳೆದುಕೊಂಡು ಮನೆ ಹಿಡಿದವರೆಲ್ಲ ತಮ್ಮ ತಮ್ಮ ಮನೆಗಳಲ್ಲಿ ಅವರೊಂದಿಗೆ ಹೇಳಬೇಕು. ಆಮೇಲೆ ಮೇಡಂ ಒಬ್ಬೊಬ್ಬರನ್ನೇ ಕರೆಯುವರು. "ಟೈಲರಣ್ಣ, ಈಗ ನೀವು." ಕಾಯುವರು. "ಅಂಚೆಯಕ್ಕ, ಈಗ ನೀವು." ಕಾಯುವರು. "ಕಂಡಕ್ಟರ್ ಸಾಹೇಬ್ರೇ, ಈಗ ನೀವು."

ಯಾರೂ ಅವರಿಗೆ ಕಾಣುತ್ತಿರಲಿಲ್ಲ, ಯಾರ ದನಿಯೂ ಕೇಳಿಸುತ್ತಿರಲಿಲ್ಲ. ಅಂದು ಯಾರು ಯಾರು ಸೇರಿದ್ದಾರೆ ಎನ್ನುವುದಷ್ಟೇ ಗೊತ್ತು. ಆದರೂ ಕೇಳಿಸುತ್ತಿದೆ ಎನ್ನುವಂತೆ ನೇರವಾಗಿ ನೋಡುತ್ತ ಸುಮ್ಮನೆ ಕಾದು, ಕೊನೆಗೆ "ಹಾಂ, ಸರಿ" ಎಂದು ಮುಂದಿನವರನ್ನು ಕರೆಯುವರು. ಆ ಕಾಯುವಿಕೆಯಲ್ಲಿ ಅಪ್ಪನ ತುಟಿ ಅಲ್ಲಾಡುತ್ತಿತ್ತು. ಶಬ್ದ ಬರುತ್ತಿರಲಿಲ್ಲ, ಬರೀ ಉಸಿರು. ಆದರೆ ಅಲ್ಲಾಡುತ್ತಿತ್ತು. ಬಾಗಿಲ ಸಂದಿಯಿಂದ ಕದ್ದು ನೋಡಿದ ಮಗಳಿಗೆ ಅದು ಗೊತ್ತಿತ್ತು.

ಈ ನೇರ ಪಾಠವನ್ನು ಮನೆಮನೆಗೆ ಮುಟ್ಟಿಸುವ ಕೆಲಸ ಅವಳದೇ. ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಅವಳು ಮತ್ತು ಕೇಬಲ್ ಎಳೆಯುವ ಸಹೋದ್ಯೋಗಿ, ಇಬ್ಬರೇ. ಅವನ ಮೈಕಟ್ಟಿಗೂ ಕಸುಬಿಗೂ ಒಪ್ಪುವಂತೆ ಎಲ್ಲರೂ ಅವನನ್ನು ತಂತಿ ಎನ್ನುತ್ತಿದ್ದರು. ಮೂಲೆಯಲ್ಲಿ ಒಂದು ಹಳೆಯ ಸರ್ವರ್. ಪಾಠದ ವಿಡಿಯೊ ಪೂರ್ತಿ ಅದರಿಂದಲೇ ಹೋಗಬೇಕು, ನೋಡುವ ಪ್ರತಿ ಮನೆಗೂ ಅದೇ ಪ್ರತ್ಯೇಕವಾಗಿ ಕಳಿಸಬೇಕು. ಮೊದಮೊದಲು ಬೆರಳೆಣಿಕೆಯ ಮನೆಗಳಿದ್ದಾಗ ತೊಂದರೆ ಇರಲಿಲ್ಲ. ಒಬ್ಬರಿಂದೊಬ್ಬರಿಗೆ ಸುದ್ದಿ ಹಬ್ಬಿ ಜನ ಹೆಚ್ಚಿದ ಹಾಗೆ ಅದು ಏದುಸಿರು ಬಿಡತೊಡಗಿತು. ಚಿತ್ರ ನಿಲ್ಲುವುದು, ಮಾತು ಒಂದು ಕಡೆ ತುಟಿ ಒಂದು ಕಡೆ ಆಗುವುದು. ತುಟಿ ನೋಡಿ ಮಾತು ಹಿಡಿಯಬೇಕಾದವರಿಗೆ ಇದಕ್ಕಿಂತ ಹಿಂಸೆ ಬೇರೆ ಇಲ್ಲ.

ತಂತಿ ಸರ್ವರಿನ ಮೇಲೆ ಅಂಗೈ ಇಟ್ಟು, "ಜ್ವರ ಕಣೇ. ಡಾಕ್ಟರನ್ನ ಕರಿ, ಕೆಳಗಡೆ ಬೇಕಾದಷ್ಟು ಜನ ಇದ್ದಾರೆ" ಎಂದ.

ವ್ಯವಸ್ಥಾಪಕರು ಮೇಲಿನ ಮಹಡಿಯಿಂದ ಇಳಿದು ಬಂದು ತೀರ್ಪು ಕೊಟ್ಟರು. ಹೊಸ ಸರ್ವರ್ ಬರುವುದಿಲ್ಲ. ಶುಕ್ರವಾರದೊಳಗೆ ಸರಿಹೋಗದಿದ್ದರೆ ನೇರ ಪಾಠ ನಿಲ್ಲಿಸುವುದು, ಮೇಡಂ ಅವರದನ್ನು ರೆಕಾರ್ಡ್ ಮಾಡಿಟ್ಟರೆ ಯಾರಿಗೆ ಯಾವಾಗ ಬೇಕೋ ಆಗ ನೋಡಿಕೊಳ್ಳುತ್ತಾರೆ. "ಅದೇ ಪಾಠ, ಅದೇ ಮೇಡಂ. ಏನು ವ್ಯತ್ಯಾಸ?"

ವ್ಯತ್ಯಾಸ ಏನೆಂದು ಅವಳಿಗೆ ಗೊತ್ತಿತ್ತು. ಮೇಡಂ ರಜೆ ಹಾಕಿದ್ದ ದಿನ ಹಳೆಯ ಪಾಠದ ರೆಕಾರ್ಡು ಹಾಕಿದ್ದರು. ಅಪ್ಪ ಸ್ವಲ್ಪ ಹೊತ್ತು ನೋಡಿ ಎದ್ದುಹೋಗಿದ್ದ. ರೆಕಾರ್ಡು ಯಾರಿಗೂ ಕಾಯುವುದಿಲ್ಲ. ನೇರ ಪಾಠ ನಿಂತರೆ ಅಪ್ಪನ ತುಟಿಯೂ ನಿಲ್ಲುತ್ತದೆ, ಅಷ್ಟೇ. ಇದನ್ನು ವ್ಯವಸ್ಥಾಪಕರಿಗೆ ಹೇಳಲು ಹೋಗಿ, "ನನ್ನಪ್ಪ" ಎಂದಕೂಡಲೇ ಅವರ ಮುಖದಲ್ಲಿ ಕನಿಕರ ಮೂಡಿದ್ದು ಕಂಡು ಬಾಯಿ ಮುಚ್ಚಿಕೊಂಡಳು.

ಉಪಾಯ ಅವಳಿಗೆ ಹೊಳೆದದ್ದು ಬಸ್ಸಿನಿಂದ. ಚಿಕ್ಕವಳಿದ್ದಾಗ ಶಾಲೆಗೆ ರಜೆ ಬಂದರೆ ಅವಳ ದಿನ ಕಳೆಯುತ್ತಿದ್ದುದು ಅಪ್ಪನ ಬಸ್ಸಿನಲ್ಲೇ. ಅಪ್ಪ ಅವಳನ್ನು ಅರ್ಧ ಟಿಕೆಟ್ ಎಂದು ಕರೆಯುತ್ತಿದ್ದ. ಬಸ್ಸು ಕಿಕ್ಕಿರಿದು ಕಾಲಿಡಲೂ ಜಾಗವಿಲ್ಲದಾಗ ಅವನು ಇದ್ದಲ್ಲಿಂದಲೇ ಟಿಕೆಟ್ಟು, ಚಿಲ್ಲರೆ ಎರಡನ್ನೂ ಪಕ್ಕದವರ ಕೈಗಿಟ್ಟು "ಹಿಂದಿನೋರಿಗೆ ಕೊಡಿ, ನೀಲಿ ಶರ್ಟಿನೋರಿಗೆ!" ಎಂದು ಕೂಗುತ್ತಿದ್ದ. ಕೈಯಿಂದ ಕೈಗೆ ದಾಟಿ ಅದು ಕೊನೆಯ ಸೀಟು ಮುಟ್ಟುತ್ತಿತ್ತು. ಇನ್ನೂ ಇಳಿಯುವವರಿರುವಾಗಲೇ ಡ್ರೈವರ್ ಬಸ್ಸು ಬಿಟ್ಟರೆ, "ಏಯ್, ಹಿಂದೆ ಜನ ಇದ್ದಾರೆ!" ಎಂದು ಗುಡುಗುತ್ತಿದ್ದ. ಬಸ್ಸು ಗಕ್ಕನೆ ನಿಲ್ಲುತ್ತಿತ್ತು.

"ಕಂಡಕ್ಟರ್ ಒಬ್ಬನೇ ಎಲ್ಲರ ಹತ್ತಿರಕ್ಕೂ ಹೋಗ್ಬೇಕು ಅಂತ ನಾವು ಹಟ ಹಿಡಿದು ಕೂತಿದೀವಿ," ಎಂದಳು ತಂತಿಗೆ. "ಸರ್ವರ್ ನಾಲ್ಕು ಜನಕ್ಕೆ ಕೊಡಲಿ. ಅವರ ಕಂಪ್ಯೂಟರ್ ಇನ್ನು ನಾಲ್ಕು ಜನಕ್ಕೆ ಕೊಡುತ್ತೆ. ಎಲ್ಲರೂ ಒಂದೇ ಹೊತ್ತಿಗೆ ನೋಡ್ತಿರೋದು ಒಂದೇ ಪಾಠ ತಾನೇ?"

"ಮಧ್ಯದಲ್ಲಿ ಯಾರಾದ್ರೂ ಜೇಬಿಗೆ ಹಾಕ್ಕೊಂಡ್ರೆ?"

"ಇದೇನು ಚಿಲ್ಲರೇನಾ? ಕೊಟ್ಟ ಮೇಲೂ ಕೊಟ್ಟೋರ ಹತ್ರ ಉಳಿದಿರುತ್ತೆ."

ತಂತಿ ತಲೆ ಕೆರೆದುಕೊಂಡ. "ಹಂಗಾದ್ರೆ ನಿಮ್ಮಪ್ಪನ ಕೆಲಸಕ್ಕಿಂತ ನಮ್ಮದೇ ಸಲೀಸು ಅನ್ನು."

ಪಾಠ ನೋಡುವ ಮನೆಯವರೆಲ್ಲರ ಒಪ್ಪಿಗೆ ಕೇಳಿದರು. ಯಾರೂ ಬೇಡವೆನ್ನಲಿಲ್ಲ. ಯಾರ ಇಂಟರ್ನೆಟ್ ಜೋರಾಗಿದೆಯೋ ಅವರನ್ನು ಮುಂದಿನ ಸಾಲಿಗೆ ಹಾಕಿ, ಉಳಿದವರೆಲ್ಲ ಅವರಿಂದ ಪಡೆಯುವಂತೆ ಜೋಡಿಸಿದಳು. ಜೋರಾಗಿರುವವರು ಜೋರಾಗಿ ಕೊಡುತ್ತಾರೆ. ಇದರಲ್ಲಿ ತಪ್ಪೇನಿದೆ ಎಂದು ಅವಳಿಗೆ ಅನ್ನಿಸಲೇ ಇಲ್ಲ.

ಮೊದಲ ದಿನ ಮನೆಯಲ್ಲೇ ಕೂತು ಅಪ್ಪನ ಬೆನ್ನ ಹಿಂದಿನಿಂದ ನೋಡಿದಳು. ಅರ್ಧ ಪಾಠ ನೀರಿನ ಹಾಗೆ ಹರಿಯಿತು. ಅಷ್ಟರಲ್ಲಿ ಜನ ಕೆಲಸಕ್ಕೆ ಹೊರಡುವ ಹೊತ್ತಾಯಿತು. ಅತ್ತ ಟೈಲರಣ್ಣನ ಮನೆಯಲ್ಲಿ ಮಗ ತನ್ನಪ್ಪನ ಮುಂದಿದ್ದ ಲ್ಯಾಪ್‌ಟಾಪನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು, ಬದಲಿಗೆ ಒಂದು ಹಳೆಯ ಫೋನ್ ಇಟ್ಟುಹೋದ. ಅಂಚೆಯಕ್ಕನ ಸೊಸೆಯೂ ಹಾಗೇ ಮಾಡಿದಳು. ಜೋರು ಇಂಟರ್ನೆಟ್ಟು ಇದ್ದದ್ದೇ ದುಡಿಯಲು ಹೋಗುವ ಮಕ್ಕಳಿಗೆ, ಅವರು ಒಬ್ಬರ ಹಿಂದೊಬ್ಬರು ಎದ್ದರು. ಅವರ ಹಿಂದಿದ್ದ ಮನೆಗಳೆಲ್ಲ ಒಮ್ಮೆಗೇ ಸರ್ವರಿನ ಮೇಲೆ ಬಿದ್ದವು.

"ಕಂಡಕ್ಟರ್ ಸಾಹೇಬ್ರೇ, ಈಗ ನೀ..." ಎನ್ನುವಲ್ಲಿಗೆ ಮೇಡಂ ಮುಖ ಬಾಯಿ ತೆರೆದುಕೊಂಡೇ ನಿಂತುಬಿಟ್ಟಿತು. ಅಪ್ಪನ ಬಾಯಿಯೂ ಅರ್ಧ ತೆರೆದಿತ್ತು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಅಪ್ಪ ಬಾಯಿ ಮುಚ್ಚಿದ. ಆಮೇಲೆ ಎಡಗೈಯಿಂದ ತಾನೇ ಶರ್ಟಿನ ಗುಂಡಿ ಬಿಚ್ಚಲು ತೊಡಗಿದ. ಒಂದು ಗುಂಡಿಗೆ ಬಹಳ ಹೊತ್ತು ಹಿಡಿಯಿತು. ಮಗಳು ಸಹಾಯಕ್ಕೆ ಹೋಗಲಿಲ್ಲ. ಹೋಗುವ ಮುಖ ಇರಲಿಲ್ಲ.

"ನಿನ್ನ ಕಂಪ್ಯೂಟರಿಗೂ ಲಕ್ವ ಹೊಡೀತೇನೇ?" ಎಂದಳು ಅಮ್ಮ ಅಡುಗೆಮನೆಯಿಂದ.

"ಹೂಂ, ಹೊಡೀತು. ನೀನೇ ಬಂದು ಎಣ್ಣೆ ತಿಕ್ಕು," ಎಂದು ಬಾಗಿಲನ್ನು ದಡಾರನೆ ಎಳೆದುಕೊಂಡು ಕೆಲಸಕ್ಕೆ ಹೊರಟಳು.

ಬಸ್ಸು ತುಂಬಿತ್ತು. ಹಿಂದಿನಿಂದ ಯಾರದೋ ನೋಟು ಅವಳ ಭುಜ ತಟ್ಟಿತು. ಅದನ್ನು ಮುಂದಿದ್ದ ಹೆಂಗಸಿಗೆ ಚಾಚಿದಳು. ಬ್ಯಾಗನ್ನು ಎದೆಗವಚಿ ಬಾಗಿಲ ಕಡೆ ತಿರುಗಿದ್ದ ಆಕೆ, "ಅಯ್ಯೋ ನನಗೆ ಕೊಡಬೇಡಿ, ಇಳೀತಿದೀನಿ. ಕೂತಿದ್ದಾರಲ್ಲ, ಆ ಅಜ್ಜಂಗೆ ಕೊಡಿ" ಎಂದಳು.

ಅಜ್ಜ ನಡುಗುವ ಬೆರಳುಗಳಲ್ಲಿ ನೋಟು ಹಿಡಿದು, ಸಾವಕಾಶವಾಗಿ ಮುಂದಕ್ಕೆ ದಾಟಿಸಿದ. ಟಿಕೆಟ್ಟು ಅದೇ ದಾರಿಯಲ್ಲಿ ಹಿಂದಕ್ಕೆ ಹೋಯಿತು. ಅದನ್ನೇ ನೋಡುತ್ತಿದ್ದ ಅವಳು ತನ್ನ ನಿಲ್ದಾಣದಲ್ಲಿ ಇಳಿಯಲು ಮರೆತು ಮುಂದಿನದರಲ್ಲಿ ಇಳಿದು, ಬಿಸಿಲಲ್ಲಿ ಓಡುತ್ತ ಆಸ್ಪತ್ರೆಗೆ ಬಂದಳು.

"ಇಳಿಯೋರ ಕೈಗೆ ಕೊಟ್ಟಿದೀನಿ ಕಣೋ ತಂತಿ. ಬಾಗಿಲಲ್ಲಿ ನಿಂತಿರೋರ ಕೈಗೆ."

"ಯಾರ ಕೈಗೆ? ಏನು? ಮೊದಲು ನೀರು ಕುಡಿ."

"ಎಷ್ಟು ಜೋರಾಗಿ ಕೊಡ್ತಾರೆ ಅಂತ ನೋಡಿದೆ, ಎಷ್ಟು ಹೊತ್ತು ಕೂತಿರ್ತಾರೆ ಅಂತ ನೋಡಲಿಲ್ಲ."

ತಂತಿ ನೀರಿನ ಬಾಟಲಿಯ ಮುಚ್ಚಳ ತೆಗೆದುಕೊಟ್ಟ. "ಯಾರು ಇಳೀತಾರೆ ಅಂತ ಮೊದಲೇ ಹೆಂಗೆ ಗೊತ್ತಾಗುತ್ತೆ? ಹಣೇಲಿ ಬರೆದಿರುತ್ತಾ?"

"ಇಷ್ಟು ದಿನ ಯಾರು ಕೊನೇವರೆಗೂ ಕೂತಿದ್ರೋ ಅವರು ನಾಳೇನೂ ಕೂರ್ತಾರೆ. ಎಲ್ಲಿಗೆ ಹೋಗ್ತಾರೆ ಪಾಪ, ನಡೆಯೋಕೇ ಬರಲ್ಲ ಅರ್ಧ ಜನಕ್ಕೆ."

ಹಳೆಯ ಪಾಠಗಳಲ್ಲಿ ಯಾರು ಎಷ್ಟು ಹೊತ್ತು ಇದ್ದರು ಎಂಬುದು ಸರ್ವರಿನಲ್ಲೇ ಇತ್ತು. ಈ ಸಲ ಹೆಚ್ಚು ಹೊತ್ತು ಕೂರುವವರನ್ನು ಮುಂದಕ್ಕೆ ತಂದರು. ಅವರ ಇಂಟರ್ನೆಟ್ಟು ನಿಧಾನ. ಆದ್ದರಿಂದ ಒಬ್ಬೊಬ್ಬರ ಮೇಲೂ ಸ್ವಲ್ಪಸ್ವಲ್ಪವೇ ಹೊರೆ. ಜೊತೆಗೆ ಪ್ರತಿ ಮನೆಗೂ ಒಂದಲ್ಲ, ಮೂರು ನಾಲ್ಕು ಕಡೆಯಿಂದ ಪಾಠ ಬರುವ ಹಾಗೆ ಮಾಡಿದಳು. ಒಬ್ಬರು ಎದ್ದರೆ ಇನ್ನೊಬ್ಬರು ಕೊಡಬೇಕು. ಯಾರೂ ಕೊಡದಿದ್ದರೆ ಮಾತ್ರ ಸರ್ವರನ್ನು ಕೇಳಬೇಕು.

"ಇದ್ಯಾರು ಪುಣ್ಯಾತ್ಮ, ಎಲ್ಲರಿಗಿಂತ ಮೇಲಿರೋದು?" ಎಂದ ತಂತಿ ಪರದೆಗೆ ಮೂಗು ತಾಗಿಸಿ. "ಪಾಠ ಶುರುವಾಗೋ ಮೊದಲೇ ಬಂದಿರ್ತಾನೆ. ಮುಗಿದ ಮೇಲೂ ಹೋಗಲ್ಲ. ಮೇಡಂ ಮೇಲೆ ಕಣ್ಣೇನಾದ್ರೂ..."

"ನಮ್ಮಪ್ಪ ಕಣೋ ಅದು."

ತಂತಿ ನಾಲಿಗೆ ಕಚ್ಚಿಕೊಂಡು, ಇಲ್ಲದ ಕೇಬಲ್ ಹುಡುಕಲು ಮೇಜಿನಡಿಗೆ ಹೋದ.

ಸಂಜೆ ಮನೆಯಲ್ಲಿ ಅಮ್ಮನ ಗುಂಡಿಡಬ್ಬಿ ತಂದು ಅಪ್ಪನ ಮುಂದೆ ಸುರುವಿದಳು. ಒಂದು ದೊಡ್ಡ ಕರಿ ಗುಂಡಿ, ಅದು ಆಸ್ಪತ್ರೆ. ಅದರ ಪಕ್ಕ ಒಂದು ಬಿಳಿ ಗುಂಡಿ. "ಇದು ನೀನಪ್ಪ. ಆಸ್ಪತ್ರೆ ನಿನಗೆ ಕೊಡುತ್ತೆ. ನೀನು ಹಿಂದಿನೋರಿಗೆ ಕೊಡ್ತೀಯ." ಬಿಳಿ ಗುಂಡಿಯ ಹಿಂದೆ ಬಣ್ಣಬಣ್ಣದವನ್ನು ಹರಡಿದಳು. "ಟೈಲರಣ್ಣ, ಅಂಚೆಯಕ್ಕ, ಇವರೆಲ್ಲ. ನೀನೇನೂ ಮಾಡಬೇಕಾಗಿಲ್ಲ, ಕಂಪ್ಯೂಟರ್ ತಾನೇ ಕೊಡುತ್ತೆ. ನೀನು ಮಧ್ಯದಲ್ಲಿ ಎದ್ದು ಹೋಗದಿದ್ದರಾಯ್ತು."

ಅಪ್ಪ ಗುಂಡಿಗಳನ್ನು ಬಹಳ ಹೊತ್ತು ನೋಡಿದ. ಎಡಗೈ ಬೆರಳಿನಿಂದ ಬಿಳಿ ಗುಂಡಿಯನ್ನು ಒಂದಿಷ್ಟು ನೇರಮಾಡಿ ಇಟ್ಟ. ಒಂದು ಕಡೆಯಿಂದ ಬರದಿದ್ದರೆ ಇನ್ನೊಂದು ಕಡೆಯಿಂದ ಬರುತ್ತದೆ ಎಂಬುದನ್ನು ಅವಳು ಹೇಳಲಿಲ್ಲ. ಮುಚ್ಚಿಡಬೇಕೆಂದೇನಲ್ಲ. ಹೇಳಬೇಕು ಅನ್ನಿಸಲಿಲ್ಲ, ಅಷ್ಟೇ.

ಮಾರನೆಯ ದಿನದಿಂದ ಅಪ್ಪನ ವರಸೆಯೇ ಬದಲಾಯಿತು. ಬಚ್ಚಲಿಗೆ ಹೋಗಿಬಂದೇ ಕೂರುವನು. ಪಾಠದ ನಡುವೆ ಅಮ್ಮ ಕಾಫಿ ತಂದರೆ ಕೈಯಿಂದ ಆಚೆಗೆ ತಳ್ಳುವನು. ಪೊರಕೆ ಹಿಡಿದು ಹತ್ತಿರ ಬಂದರಂತೂ ಕಣ್ಣಲ್ಲೇ ಸುಡುವನು. ಬಾಗಿಲು ಬಡಿದರೆ ಹುಬ್ಬಿನಿಂದಲೇ ಅಮ್ಮನನ್ನು ಓಡಿಸುವನು.

"ನಮ್ಮನೇಲಿ ಈಗ ಕೆಮ್ಮೋಕೂ ಅಪ್ಪಣೆ ಬೇಕು," ಎಂದು ಅಮ್ಮ ಮಗಳಿಗೆ ದೂರು ಕೊಟ್ಟಳು. "ಡ್ಯೂಟಿ ಮಾಡುವಾಗಲೂ ಇಷ್ಟು ಬಿಗುಮಾನ ಇರಲಿಲ್ಲಮ್ಮ."

ಶುಕ್ರವಾರ ಬಂತು. ವ್ಯವಸ್ಥಾಪಕರು ಕಂಪ್ಯೂಟರ್ ಕೋಣೆಯಲ್ಲಿ ಅವಳ ಕುರ್ಚಿಯ ಹಿಂದೆ ಕೈಕಟ್ಟಿ ನಿಂತರು. ಪರದೆಯ ಮೇಲೆ ಪ್ರತಿ ಮನೆಗೂ ಒಂದೊಂದು ಹಸಿರು ಚುಕ್ಕೆ, ಚುಕ್ಕೆಯಿಂದ ಚುಕ್ಕೆಗೆ ಗೆರೆ. ಪಕ್ಕದ ಪರದೆಯಲ್ಲಿ ಪಾಠ. ಕೆಲಸಕ್ಕೆ ಹೊರಡುವ ಹೊತ್ತಾಗಿ, ಅಂಚಿನ ಚುಕ್ಕೆಗಳು ಒಂದೊಂದಾಗಿ ಆರಿದವು. ಮೇಡಂ ತುಟಿ ಎಲ್ಲೂ ತಡವರಿಸಲಿಲ್ಲ. ಸರ್ವರಿನ ಹೊರೆ ತೋರಿಸುವ ಗೆರೆ ತಳದಲ್ಲೇ ಮಲಗಿತ್ತು. ತಂತಿ ಸರ್ವರಿನ ಮೈ ಮುಟ್ಟಿ ನೋಡಿ, ಜ್ವರವಿಲ್ಲವೆಂದು ಬೆರಳಲ್ಲೇ ಸನ್ನೆಮಾಡಿದ.

ಆಗ ಎಲ್ಲಕ್ಕಿಂತ ಮೇಲಿದ್ದ ಚುಕ್ಕೆ ಆರಿತು.

ಅಪ್ಪನ ಚುಕ್ಕೆ. ಅಪ್ಪ ಎಂದೂ ಎದ್ದುಹೋಗುವವನಲ್ಲ. ಮತ್ತೆ ಬಿದ್ದನೆ?

"ಅದೇನು ಆರಿದ್ದು?" ಎಂದರು ವ್ಯವಸ್ಥಾಪಕರು.

"ಒಬ್ರು ಇಳಿದ್ರು, ಸಾರ್." ತನ್ನ ದನಿ ತನಗೇ ಪರಕೀಯವೆನಿಸಿತು.

ಹೊರೆಯ ಗೆರೆ ಉಗುರಿನಷ್ಟು ಎದ್ದು ಮತ್ತೆ ಮಲಗಿತು. ಅಪ್ಪನ ಹಿಂದಿದ್ದ ಚುಕ್ಕೆಗಳು ಬೇರೆ ಚುಕ್ಕೆಗಳ ಕೈ ಹಿಡಿದವು. ಒಂದು ಮನೆಯಲ್ಲೂ ಪಾಠ ನಿಲ್ಲಲಿಲ್ಲ. ಪಕ್ಕದ ಪರದೆಯಲ್ಲಿ ಮೇಡಂ ಎಂದಿನಂತೆ ನೇರ ನೋಡಿ, "ಕಂಡಕ್ಟರ್ ಸಾಹೇಬ್ರೇ, ಈಗ ನೀವು" ಎಂದರು. ಅಲ್ಲಿಲ್ಲದ ಅಪ್ಪನಿಗಾಗಿ ಕಾದರು. ಅವಳು ಫೋನಿಗೆ ಕೈಹಾಕುವಷ್ಟರಲ್ಲಿ ಅದೇ ಬಡಿದುಕೊಂಡಿತು. ಅಮ್ಮ. ಬಿಕ್ಕುತ್ತಿದ್ದಳು.

"ಅಮ್ಮಾ, ಏನಾಯ್ತು? ಅಪ್ಪ ಎಲ್ಲಿ?"

"ನಿಮ್ಮಪ್ಪ ನನ್ನ ಬೈದ್ರು ಕಣೇ!"

"ಏನು?"

"ಇಸ್ತ್ರಿ ಪೆಟ್ಟಿಗೆ ಹಾಕೋಣ ಅಂತ ಹೋಗಿ ಕಂಪ್ಯೂಟರಿನ ಪ್ಲಗ್ಗು ಕಿತ್ತುಬಿಟ್ಟೆ. ಎರಡೂ ಕರೀವು, ನನಗೇನು ಗೊತ್ತು? 'ಏಯ್' ಅಂದ್ರು. 'ಏಯ್, ಹಿಂದೆ ಜನ ಇದ್ದಾರೆ' ಅಂದ್ರು. ಕೇಳಿಸ್ತಾ ನಿನಗೆ? ಪೂರ್ತಿ ಅಂದ್ರು! ಮದುವೆ ಆದಾಗಿಂದ ನನ್ನ ಒಂದು ದಿನಾನೂ ಏಯ್ ಅಂದೋರಲ್ಲ..." ಅಮ್ಮ ಅಳುತ್ತಲೇ ನಕ್ಕಳು. ಪಕ್ಕದ ಮನೆಯವರು ಬಂದು ಏನಾಯ್ತೆಂದು ಕೇಳುತ್ತಿರುವುದು ಫೋನಿನಲ್ಲಿ ಕೇಳಿಸಿತು. ಅಮ್ಮ ಅವರಿಗೂ ಹೆಮ್ಮೆಯಿಂದ "ಬೈದ್ರು, ನನ್ನ ಬೈದ್ರು" ಎಂದಳು.

ಮಗಳು ಫೋನನ್ನು ಎದೆಗೊತ್ತಿಕೊಂಡು, ಗೋಡೆಯ ಮೇಲಿನ ಸ್ವಿಚ್ಚುಗಳನ್ನು ನೋಡುತ್ತ ನಿಂತಳು. ವ್ಯವಸ್ಥಾಪಕರು ಗಂಟಲು ಸರಿಮಾಡಿಕೊಂಡು, "ಸರಿ, ನೇರ ಪಾಠ ಮುಂದುವರಿಸಿ" ಎಂದು ಹೇಳಿ ಮಹಡಿ ಹತ್ತಿದರು. ಆ ಮಾತು ಅವಳಿಗೆ ಅರ್ಥವಾಗಿದ್ದು ತಂತಿ ಇನ್ನೊಮ್ಮೆ ಹೇಳಿದ ಮೇಲೆ.

ಪಾಠ ಮುಗಿಸಿ ಬಂದ ಮೇಡಂ ಸುದ್ದಿ ಕೇಳಿ ಕುಣಿದಾಡಲಿಲ್ಲ. "ಹಾಗಾಗುತ್ತೆ. ದಿನಾ ಆಡಿ ಆಡಿ ಸವೆದಿರೋ ಮಾತು ಮೊದಲು ಬರುತ್ತೆ. ಬೇಕು ಅಂತ ಹುಡುಕಿದಾಗ ಸಿಗಲ್ಲ, ತಾನಾಗಿ ಹೊರಗೆ ಬೀಳುತ್ತೆ. ನಾಳೆ ಮತ್ತೆ ಬರದೇ ಇರಬಹುದು. ಬರಲಿಲ್ಲ ಅಂತ ಅವರೆದುರಿಗೆ ಮುಖ ಸಣ್ಣ ಮಾಡಬೇಡಿ." ಎರಡು ಹೆಜ್ಜೆ ಹೋಗಿ ತಿರುಗಿ, "ನಾನು ಕರೆದಾಗಲೇನಾ ಅಂದಿದ್ದು?" ಎಂದರು.

"ಹೆಚ್ಚು ಕಡಿಮೆ ಆಗಲೇ, ಮೇಡಂ."

"ಹಾಂ, ಸರಿ," ಎಂದರು ಮೇಡಂ, ಪಾಠದಲ್ಲಿ ಅನ್ನುವ ಹಾಗೆಯೇ.

ಅವಳು ಮನೆಗೆ ಬಂದಾಗ ಅಪ್ಪ ಅದೇ ಕುರ್ಚಿಯಲ್ಲಿ, ಅದೇ ಶರ್ಟಿನಲ್ಲಿ ಕೂತಿದ್ದ. ಮಾತು ಬಂದ ಸಂಭ್ರಮ ಮುಖದಲ್ಲಿ ಕಾಣಲಿಲ್ಲ. ಅವಳನ್ನು ನೋಡಿದವನೇ ಕಂಪ್ಯೂಟರ್ ಕಡೆಗೆ ಕೈ ತೋರಿಸಿ, ಭುಜದ ಮೇಲಿಂದ ಬೆನ್ನ ಹಿಂದಕ್ಕೆ ಬೆರಳು ಮಾಡಿದ. ಹುಬ್ಬು ಮೇಲೇರಿಸಿದ. ಹಿಂದಿನವರಿಗೆ ಏನಾಯಿತು?

ಅಮ್ಮ ಅವನ ಹಿಂದೆ ನಿಂತು, "ಎಲ್ಲ ನಿಂತೋಗಿತ್ತು, ಅಪ್ಪ ಮತ್ತೆ ಹಾಕಿದ ಮೇಲೆ ಸರಿಹೋಯ್ತು ಅನ್ನು" ಎಂದು ಕಣ್ಣಲ್ಲೇ ಹೇಳಿಕೊಡುತ್ತಿದ್ದಳು. ಹಾಗೆ ಹೇಳುವುದು ಸುಲಭವಿತ್ತು. ಆದರೆ ಅಪ್ಪ ಸುಳ್ಳು ಟಿಕೆಟ್ಟನ್ನು ಮಾರು ದೂರದಿಂದ ಹಿಡಿಯುತ್ತಿದ್ದವನು. ಅವಳು ಮಂಡಿಯೂರಿ ಅವನ ಮುಂದೆ ಕೂತಳು.

"ಎಲ್ಲರಿಗೂ ಪಾಠ ಸಿಕ್ತಪ್ಪ, ಯಾರಿಗೂ ನಿಲ್ಲಲಿಲ್ಲ. ನೀನು ಹೋದ ತಕ್ಷಣ ಬೇರೆಯೋರು ಕೊಟ್ರು. ಹಾಗೇ ಮಾಡಿಟ್ಟಿದೀನಿ, ಮೊದಲೇ ನಿನಗೆ ಹೇಳಬೇಕಿತ್ತು. ನೀನು ಒಂದು ದಿನ ಎದ್ದು ಹೋದ್ರೂ ಏನೂ ಆಗಲ್ಲ. ಕಾಫಿ ಕುಡಿ, ಬಚ್ಚಲಿಗೆ ಹೋಗು, ಪರವಾಗಿಲ್ಲ."

ಅಮ್ಮ ಹಣೆ ಚಚ್ಚಿಕೊಂಡಳು.

ಅಪ್ಪ ಮಗಳ ಮುಖವನ್ನೇ ನೋಡಿದ. ಅವನಿಗೆ ನೋವಾಯಿತೇ ಎಂದು ಅವಳು ಹುಡುಕಿದಳು. ಕಂಡದ್ದು ಬೇರೆ. ಬಿಗಿದಿದ್ದ ಭುಜಗಳು ಇಳಿದವು. ತುಂಬಿದ ಬಸ್ಸಿನ ಕೊನೆಯ ಸೀಟಿಗೆ ಟಿಕೆಟ್ಟು ಮುಟ್ಟಿತೆಂದು ಯಾರೋ ಕೈಯೆತ್ತಿ ತೋರಿಸಿದಾಗ ತಲೆಯಾಡಿಸುತ್ತಿದ್ದನಲ್ಲ, ಹಾಗೆ ಒಮ್ಮೆ ತಲೆಯಾಡಿಸಿದ. ಆಮೇಲೆ ಬಾಯಿ ತೆರೆದ. ಬರಲಿಲ್ಲ. ಮುಚ್ಚಿದ. ಅವಳು ಮುಖ ಸಣ್ಣ ಮಾಡಲಿಲ್ಲ, "ಹೇಳಪ್ಪ" ಎನ್ನಲೂ ಇಲ್ಲ. ಮೇಡಂ ಕಾಯುವ ಹಾಗೆ ನೇರ ನೋಡುತ್ತ ಕಾದಳು. ಅಪ್ಪ ಈ ಸಲ ಗೋಡೆಯ ಕಡೆ ತಿರುಗಲಿಲ್ಲ.

"ಆ..." ಎಂದ. ಎಡಗೈ ಬೆರಳು ಕುರ್ಚಿಯ ತೋಳಿನ ಮೇಲೆ ತಾಳ ಕುಟ್ಟಿತು. "ಆ... ದ್ರೂ."

"ಆದ್ರೂ?"

ಅಪ್ಪ ಕುಂಟುತ್ತ ಎದ್ದು ಬೀರುವಿನ ಬಳಿ ಹೋದ. ತಡಕಾಡಿ, ಹಳೆಯ ಡ್ಯೂಟಿ ಬ್ಯಾಗಿನಿಂದ ಸೀಟಿಯನ್ನು ಅದರ ದಾರದ ಸಮೇತ ತೆಗೆದು ಮಗಳ ಕೈಗಿಟ್ಟು, ಗೋಡೆಯ ಪ್ಲಗ್ಗನ್ನು ತೋರಿಸಿದ.

ಅವಳು ಪ್ಲಗ್ಗಿಗೆ ಸೀಟಿಯ ದಾರವನ್ನು ಬಿಗಿಯಾಗಿ ಸುತ್ತಿ, ಪಕ್ಕದ ಮೊಳೆಗೆ ಕಟ್ಟಿದಳು. ಅಪ್ಪ ಎಳೆದು ನೋಡಿದ. ಸಾಲದೆಂದು ಇನ್ನೊಂದು ಗಂಟು ಹಾಕಿಸಿದ.

"ನನ್ನ ಇಸ್ತ್ರಿ ಪೆಟ್ಟಿಗೆ ಎಲ್ಲಿಗೆ ಹಾಕ್ಲಿ, ನಿಮ್ಮ ತಲೆಗಾ?" ಎಂದಳು ಅಮ್ಮ, ಕಣ್ಣೊರೆಸಿಕೊಳ್ಳುತ್ತ.

ಅಪ್ಪ ಅವಳ ಕಡೆ ತಿರುಗಿ ಬಾಯಿ ತೆರೆದ. ತಾಯಿ ಮಗಳು ಇಬ್ಬರೂ ಉಸಿರು ಬಿಗಿಹಿಡಿದು ನಿಂತರು, ಇನ್ನೊಂದು ಬೈಗುಳಕ್ಕಾಗಿ.